ಕರಾವಳಿ ಮನೆಯ ಸೂರಿನಂಚಿಗೆ ಸಾಗವಾನಿಯೋ ಹಲಸೋ ಎಂದು ಕೇಳಿದವರಿಗೆ

ಕುಮಟಾದಲ್ಲಿ ಹಂಚಿನ ಮನೆ, ಸೂರಿನಂಚಿಗೆ ಹೊಡೆಯುವ ಹಲಗೆಗೆ ಸಾಗವಾನಿ ತರಲೋ ಹಲಸು ಸಾಕೋ ಅಂತ ಕೇಳಿದ್ದೀರಿ. ಅಂಕೋಲೆಯಲ್ಲಿ ಮನೆ ಕಟ್ಟುವಾಗ ನಾನೂ ಇದನ್ನೇ ಊರೆಲ್ಲ ಕೇಳಿಕೊಂಡು ತಿರುಗಿದ್ದೆ. ದುಡ್ಡು ಹೋದರೆ ಹೋಗಲಿ ಅಂತ ಸಾಗವಾನಿಯನ್ನೇ ತಂದೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಯ ತುದಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

ಮರದ ತಪ್ಪಲ್ಲ, ನನ್ನದೇ. ಆಚಾರಿ ಮೊದಲೇ ಹೇಳಿದ್ದರು, "ಮೇಲೇರಿಸೋ ಮೊದಲು ಹಿಂದೆ, ಮುಂದೆ, ಕೊಯ್ದ ತುದಿ ಎಲ್ಲಾ ಬಳಿಸಿಬಿಡಿ ಮಾರಾಯ್ರೆ" ಅಂತ. ಗೃಹಪ್ರವೇಶದ ಗಡಿಬಿಡಿ ನೋಡಿ, ಪೇಂಟಿನವರು ಹೇಗೂ ಬರ್ತಾರಲ್ಲ, ಆಗಲೇ ಬಳಿಸಿದರಾಯ್ತು ಅಂದೆ. ಅವರು ಬಂದು ಏಣಿ ಹಾಕಿ, ಕಣ್ಣಿಗೆ ಕಾಣುವ ಮುಖಕ್ಕೆ ಎರಡು ಕೋಟ್ ಎನಾಮಲ್ ಹೊಡೆದು ಹೋದರು. ಎರಡು ಹಲಗೆ ಕೂಡುವಲ್ಲಿ ಕೊಯ್ದ ತುದಿ ಬೋಳಾಗೇ ಉಳಿಯಿತು. ಮರದ ನಾಳಗಳೆಲ್ಲ ಉದ್ದಕ್ಕೆ ಇರುತ್ತವೆ, ಹಾಗಾಗಿ ತುದಿ ನೀರು ಕುಡಿದಷ್ಟು ಬೇಗ ಹಲಗೆಯ ಮೈ ಕುಡಿಯುವುದಿಲ್ಲ. ಕುಡಿದದ್ದು ಮುಂದಿನಿಂದ ಆರಬೇಕೆಂದರೆ ಎನಾಮಲ್ ಬಿಡುವುದಿಲ್ಲ. ತೇವ ಶೇ. 20ರ ಒಳಗಿದ್ದರೆ ಮರ ಕೊಳೆತು ಲಡ್ಡಾಗುವುದಿಲ್ಲ, ಆದರೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಕಡೆ, ಅದೂ ಜೂನ್‌ನಿಂದ ಸೆಪ್ಟೆಂಬರ್ ತನಕ, ಒಳಗೆ ಹೋದ ನೀರು ಆರುವುದು ಯಾವಾಗ? ಹೊರಗಿನಿಂದ ಪೇಂಟು ಹೊಸದರ ಹಾಗೇ ಹೊಳೆಯುತ್ತಿತ್ತು. ಅದಕ್ಕೇ ಗೊತ್ತಾಗಲೂ ಇಲ್ಲ.

ಹಾಗಾಗಿ ಯಾವ ಮರ ಅನ್ನುವುದು ಆಮೇಲಿನ ಮಾತು. ತೋಟದಲ್ಲಿ ಬಲಿತ ಹಲಸಿದ್ದರೆ ಸುಮ್ನೆ ಅದನ್ನೇ ಕೊಯ್ಯಿಸಿ. ಹಳದಿ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗ ಬೇಡ. ಆ ಬಿಳಿ ಸಾಗವಾನಿಯದ್ದಾದರೂ ಬಾಳುವುದಿಲ್ಲ, ಎಳೆ ಮರದಲ್ಲಿ ಅದೇ ಜಾಸ್ತಿ. ದಾಂಡೇಲಿ ಸಾಗವಾನಿ ಅಂದಕೂಡಲೇ ಮರುಳಾಗದೆ, ಬಿಳಿ ಎಷ್ಟಿದೆ ಅಂತ ಹಲಗೆ ತಿರುಗಿಸಿ ನೋಡಿ. ಮತ್ತಿ ಮರವೂ ಗಟ್ಟಿ, ಆದರೆ ಒಣಗುವಾಗ ಸೀಳು ಬಿಡುತ್ತದೆ. ತೆಳು ಹಲಗೆಗೆ ನಾನಂತೂ ಬೇಡ ಅನ್ನುತ್ತೇನೆ.

ತುದಿಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗೆ ಗ್ಲೌಸ್ ಇರಲಿ. ಮರ ಕಪ್ಪಾಗುತ್ತದೆ, ಮೇಲೆ ಬಿಳಿ ಪೇಂಟಿನ ಆಸೆ ಬಿಡಿ. ಕಬ್ಬಿಣದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಉಪ್ಪುಗಾಳಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಹಂಚು ಹಲಗೆಗಿಂತ ಎರಡಿಂಚಾದರೂ ಮುಂದೆ ಚಾಚಿರಲಿ.

ಇನ್ನೊಂದು. ಸಮುದ್ರದ ಕಡೆ ಮುಖಕ್ಕೆ ಮರವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಶಿರಸಿ ಕಡೆಯ ಹಳೆ ಮನೆಗಳ ಮರ ಉಳಿದಿಲ್ವಾ ಅಂತೀರಿ. ಅಲ್ಲಿ ಸೂರು ಎಷ್ಟು ಕೆಳಗಿಳಿದಿರುತ್ತದೆ ನೋಡಿದ್ದೀರಾ? ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಬೇರೆ ಮರೆಗೆ ಕಟ್ಟುತ್ತಿದ್ದರು. ನಮ್ಮ ಈಗಿನ ಮೊಟಕು ಸೂರಿಗೆ ಆ ರಕ್ಷಣೆ ಎಲ್ಲಿಯದು? ನಾನು ಲಡ್ಡಾದ ಸಾಗವಾನಿ ತೆಗೆಸಿ, ಪಡುವಣ ಬದಿಗೆ ಸಿಮೆಂಟ್ ಬೋರ್ಡಿನ ಪಟ್ಟಿ, ಬಾಗಿಲ ಕಡೆಗೆ ಹಲಸು ಹೊಡೆಸಿದೆ. ಚಂದ ಇಲ್ಲ ಅಂತ ಮನೆಯವಳ ತಕರಾರು ಇದ್ದೇ ಇದೆ, ಬಾಗಿಲ ಕಡೆ ಹಲಸು ಇದೆಯಲ್ಲ ಅಂತ ಸಮಾಧಾನ ಮಾಡಿದ್ದೇನೆ.