ಒಂದೇ ದಿನದಲ್ಲಿ ನಾಗಪುರ? ಬೇಡ ಸಾರ್

ಕಾಶಿಗೆ ಹೊರಟಿದ್ದೀವಿ, ಕಾರಲ್ಲಿ ಅತ್ತೆ, ಇಬ್ಬರು ಮಕ್ಕಳು, ಮೊದಲ ದಿನವೇ ಬೆಂಗಳೂರಿಂದ ನಾಗಪುರ ಮುಟ್ಟಬಹುದಾ ಅಂತ ಕೇಳಿದ್ದೀರಿ. ಸುಮಾರು 1,100 ಕಿ.ಮೀ. ಸಾರ್, ಒಬ್ಬರೇ ಓಡಿಸೋ ದೂರ ಅಲ್ಲ ಅದು.

ನಾವು ಇದೇ ದಾರೀಲಿ ಹೋದಾಗ ಬೆಳಗಿನ ಜಾವ ನಾಲ್ಕೂವರೆಗೆ ಹೆಬ್ಬಾಳ ದಾಟಿದ್ವಿ. ಬಾಗೇಪಲ್ಲಿ ಹತ್ತಿರ ಬೆಳಕು ಹರೀತು. ಡಬ್ಬಿ ಚಿತ್ರಾನ್ನ ಅನಂತಪುರಕ್ಕೇ ಖಾಲಿ. ಹೈದರಾಬಾದ್ ಊರೊಳಗೆ ಮಾತ್ರ ಹೋಗಬೇಡಿ. ಶಂಶಾಬಾದಲ್ಲಿ ಹೊರವರ್ತುಲ ರಸ್ತೆ ಹಿಡಿದು ಮೇಡ್ಚಲ್ ಕಡೆ ಇಳಿದು ಅಲ್ಲೇ ತಂಗಿ. ‘ಇನ್ನೂ ಬೆಳಕಿದೆಯಲ್ಲ’ ಅಂತ ನಾನು ಮುಂದೆ ಹೋದೆ. ನಿರ್ಮಲ್ ಊರು ದಾಟಿದ ಮೇಲೆ ಕತ್ತಲಲ್ಲಿ ಹಿಂದಿನ ಲೈಟೇ ಇಲ್ಲದ ಟ್ರ್ಯಾಕ್ಟರ್! ಬ್ರೇಕ್ ಒತ್ತಿದ ರಭಸಕ್ಕೆ ಅಮ್ಮನ ಕಾಫಿ ಫ್ಲಾಸ್ಕು ಗೇರಿನ ಹತ್ತಿರ ಬಂದು ಬಿತ್ತು.

ಅತ್ತೆಯವರನ್ನ ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿ, ಕಾಲು ಊದುತ್ತೆ. ಫಾಸ್ಟ್ಯಾಗಲ್ಲಿ ದುಡ್ಡಿರಲಿ.