ಸೆರುಸೈಟ್ ಹರಳಿಗೆ ಸ್ನಾನ ಮಾಡಿಸಬೇಡಿ

ಸೆರುಸೈಟ್ ಎಂಬ ಖನಿಜದ ಬಗ್ಗೆ ಹರಳು ಸಂಗ್ರಹಿಸುವವರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ತೊಳೆಯುವುದು ಹೇಗೆ, ಹೊಳಪು ತರುವುದು ಹೇಗೆ? ಒಬ್ಬರಿಗೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಇನ್ನೊಬ್ಬರ ಮನೆಯಲ್ಲಿ ಒಂದು ಒಳ್ಳೆಯ ಹರಳು ಹಾಳಾಗಿರುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ. ಇದು ಸೀಸದ ಕಾರ್ಬೊನೇಟ್, ಅಂದರೆ ವಿಷವಾದ ಸೀಸ ಇರುವ ಕಲ್ಲು ಎಂಬುದು ಕೊಂಡವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿದ್ದರೆ ದಯವಿಟ್ಟು ಕೊಳ್ಳಬೇಡಿ.

ಪ್ರಶ್ನೆ: ನಮೀಬಿಯಾದ ತ್ಸುಮೆಬ್ ಗಣಿಯ ಸೆರುಸೈಟ್ ಒಂದನ್ನು ಕೊಂಡಿದ್ದೇನೆ. ವಿ ಆಕಾರದ ಅವಳಿ ಹರಳು, ಅಂದರೆ ಎರಡು ಹರಳು ಒಂದಕ್ಕೊಂದು ಸೇರಿ ಬೆಳೆದದ್ದು. ಮೇಲೆ ಧೂಳು, ಬುಡದಲ್ಲಿ ಕಂದು ಕಲೆ. ನನ್ನ ಜಿಯೊಲೈಟ್‌ಗಳನ್ನು ಬಿಸಿನೀರು, ಸೋಪು ಹಾಕಿ ಅಲ್ಟ್ರಾಸೋನಿಕ್ ಯಂತ್ರದಲ್ಲಿ (ಶಬ್ದದ ಅಲೆಗಳಿಂದ ನೀರನ್ನು ಅಲುಗಿಸಿ ತೊಳೆಯುವ ಯಂತ್ರ) ತೊಳೆಯುತ್ತೇನೆ. ಇದಕ್ಕೂ ಅದೇ ಸಾಕೇ? ಕಲೆಗೆ ವಿನೆಗರ್ ಹಾಕಬಹುದೇ?

ಬಿಸಿನೀರು ಬೇಡ, ಯಂತ್ರ ಬೇಡ, ವಿನೆಗರ್ ಅಂತೂ ಬೇಡವೇ ಬೇಡ.

ನಮ್ಮಲ್ಲಿ ಬಹಳ ಜನ ಪುಣೆ, ಜಲಗಾಂವ್, ನಾಸಿಕ್ ಕಡೆಯ ಜಿಯೊಲೈಟ್ ಮತ್ತು ಅದರ ಜೊತೆ ಸಿಗುವ ಹರಳುಗಳಿಂದ, ಅಂದರೆ ಸ್ಟಿಲ್ಬೈಟ್, ಅಪೊಫಿಲೈಟ್‌ಗಳಂಥವುಗಳಿಂದ ಸಂಗ್ರಹ ಶುರು ಮಾಡುತ್ತಾರೆ. ಅಗ್ಗವಾಗಿ, ಜಾಸ್ತಿ ಸಿಗುತ್ತವೆ. ಒಂದು ಮುರಿದರೆ ಇನ್ನೊಂದು ತರಬಹುದು. ಆ ಅಭ್ಯಾಸದ ಕೈಯಲ್ಲಿ ಸೆರುಸೈಟ್ ಮುಟ್ಟಬಾರದು. ತ್ಸುಮೆಬ್ ಗಣಿ 1996ರಲ್ಲಿ ಮುಚ್ಚಿತು. ಅಲ್ಲಿನ ಒಳ್ಳೆಯ ಹರಳುಗಳು ಈಗ ಕೈಯಿಂದ ಕೈಗೆ ಸಾಗುತ್ತಿರುವುದು ಬಿಟ್ಟರೆ ಹೊಸದಾಗಿ ಬರುತ್ತಿಲ್ಲ. ನೀವು ಒಂದನ್ನು ಮುರಿದರೆ ಲೋಕದಲ್ಲಿ ಒಂದು ಕಡಿಮೆಯಾಯಿತು, ಅಷ್ಟೇ.

ವಜ್ರಕ್ಕೆ 10 ಇರುವ ಮೋಸ್ ಅಳತೆಯಲ್ಲಿ ಇದರ ಗಡಸುತನ 3ರಿಂದ 3.5. ಅಂದರೆ ಚಾಕುವಿನ ತುದಿ ಸುಲಭವಾಗಿ ಗೀರುತ್ತದೆ. ಆದರೆ ನಿಜವಾದ ತೊಂದರೆ ಗೀರಲ್ಲ, ಬಿರುಕು. ಸೆರುಸೈಟ್ ತುಂಬಾ ಪೆಡಸು, ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಅದರ ಮೇಲೆ, ಶಾಖದ ಏರುಪೇರನ್ನು ಒಂಚೂರೂ ತಡೆಯುವುದಿಲ್ಲ. ಉರಿಯುವ ಲಾಂದ್ರದ ಗಾಜಿಗೆ ನೀರಿನ ಹನಿ ಬಿದ್ದರೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಇದಕ್ಕೆ ಅಷ್ಟು ಬಿಸಿಯೂ ಬೇಕಾಗಿಲ್ಲ. ತಣ್ಣಗಿರುವ ಹರಳನ್ನು ಬೆಚ್ಚಗಿನ ಅಂಗೈಯಲ್ಲಿ ಮುಚ್ಚಿ ಹಿಡಿದರೂ ಒಳಗೆ ಬಿರುಕು ಬಿಡಬಹುದು. ಅದಕ್ಕೇ ಹಿಡಿಯುವಾಗ ಬುಡದ ಕಲ್ಲನ್ನು ಹಿಡಿಯಿರಿ, ಹರಳನ್ನಲ್ಲ.

ಇನ್ನು ತೂಕ. ಇದರ ಸಾಂದ್ರತೆ ಸುಮಾರು 6.5. ಅದೇ ಗಾತ್ರದ ಸ್ಫಟಿಕಕ್ಕಿಂತ (ಕ್ವಾರ್ಟ್ಸ್) ಸುಮಾರು ಎರಡೂವರೆ ಪಟ್ಟು ಭಾರ. ಇಷ್ಟು ಭಾರದ, ಇಷ್ಟು ಪೆಡಸಾದ ವಸ್ತು ಅಲುಗಾಡಿದರೆ ತನ್ನ ತೂಕಕ್ಕೇ ತಾನು ಮುರಿಯುತ್ತದೆ. ಅವಳಿ ಹರಳಿನ ಎರಡು ತೋಳು ಸೇರುವ ಕಡೆ ನೋಡಿ, ಪೆಟ್ಟು ಹೆಚ್ಚಾಗಿ ಅಲ್ಲೇ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಸಿಕ್ಕಿದ ಬಲೆಯಂಥ ಹರಳುಗಳು ಇನ್ನೂ ನಾಜೂಕು. ತೆಳ್ಳಗಿನ ಕಡ್ಡಿಗಳು 60 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದನ್ನು ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಿದರೆ ತಳದಲ್ಲಿ ಬಿಳಿ ಪುಡಿ ಸಿಗುತ್ತದೆ. "ಆಭರಣದ ಅಂಗಡಿಯಲ್ಲಿ ಎಲ್ಲವನ್ನೂ ಅದರಲ್ಲೇ ತೊಳೆಯುತ್ತಾರೆ" ಎಂದು ನನಗೆ ವಾದ ಹೇಳಬೇಡಿ. ಅವರು ತೊಳೆಯುವುದು ವಜ್ರ, ಚಿನ್ನ.

ಈಗ ವಿನೆಗರ್. ಕಾರ್ಬೊನೇಟ್‌ಗೆ ಆಮ್ಲ ತಾಗಿದರೆ ಮೇಲ್ಮೈ ಕರಗುತ್ತದೆ. ವಜ್ರದಂಥ ಹೊಳಪು ಹೋದರೆ ಮತ್ತೆ ಬರುವುದಿಲ್ಲ. ಹೊಳಪಿನ ಮಾತು ಬಿಡಿ. ಪಾತ್ರೆಯಲ್ಲಿ ಉಳಿಯುವುದು ಸೀಸದ ಅಸಿಟೇಟ್. ನೀರಿನಲ್ಲಿ ಚೆನ್ನಾಗಿ ಕರಗುವ, ಸಿಹಿಯಾದ ವಿಷ ಅದು. ಅದನ್ನು ಅಡುಗೆಮನೆಯ ಸಿಂಕಿನಲ್ಲಿ ಚೆಲ್ಲುವವರಿದ್ದಾರೆ! ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಮೇಲೆ ಸೀಸದ ಕ್ಲೋರೈಡಿನ ಬಿಳಿ ಪೊರೆ ಕೂರುತ್ತದೆ. ಸ್ಫಟಿಕದ ಮೇಲಿನ ತುಕ್ಕು ತೆಗೆಯುವ ಆಕ್ಸಾಲಿಕ್ ಆಮ್ಲವೂ ಇಂಥದ್ದೇ ಮಂಕು ಪೊರೆ ಬಿಡುತ್ತದೆ. ಗಂಧಕವಿರುವ ದ್ರಾವಣಗಳಿಂದ ಕಪ್ಪಾಗುವ ಅಪಾಯವಿದೆ. ಇಂಟರ್‌ನೆಟ್ಟಿನಲ್ಲಿ "ನೈಸರ್ಗಿಕ ವಿಧಾನ" ಅಂತ ನಿಂಬೆಹಣ್ಣು ಹೇಳಿಕೊಡುವವರಿದ್ದಾರೆ. ನಿಂಬೆರಸವೂ ಆಮ್ಲವೇ ಅಲ್ವಾ?

ಹಾಗಾದರೆ ಏನು ಮಾಡಬೇಕು? ಪಾರ್ಸೆಲ್ ಬಂದ ಕೂಡಲೇ ಬಿಚ್ಚಬೇಡಿ. ವಿಮಾನದಲ್ಲಿ ತಣ್ಣಗಾಗಿ ಬಂದಿರುತ್ತದೆ. ಪೆಟ್ಟಿಗೆಯನ್ನು ಒಂದು ದಿನ ಕೋಣೆಯಲ್ಲಿ ಸುಮ್ನೆ ಬಿಟ್ಟು ಆಮೇಲೆ ತೆಗೆಯಿರಿ. ಧೂಳಿಗೆ ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಊದುಗ ಸಾಕು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಊದಿದ್ದಕ್ಕೆ ಹೋಗದಿದ್ದರೆ ಮೆತ್ತನೆಯ ಚಿತ್ರ ಬರೆಯುವ ಕುಂಚ. ಅದಕ್ಕೂ ಜಗ್ಗದಿದ್ದರೆ ಮಾತ್ರ ಡಿಸ್ಟಿಲ್ಡ್ ನೀರು. ಆ ನೀರು ಮತ್ತು ಹರಳು ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇದ್ದಿರಬೇಕು. ಒಣಗಿಸಲು ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ. ನಾನಾದರೆ ಈ ನೀರಿನ ಹಂತಕ್ಕೂ ಹೋಗುವುದಿಲ್ಲ. ಸ್ವಲ್ಪ ಧೂಳಿರುವ ಇಡೀ ಹರಳು ನನಗೆ ಸಾಕು.

ಕಂದು ಕಲೆ ಹಾಗೇ ಇರಲಿ. ಅದು ಬಹುತೇಕ ಕಬ್ಬಿಣದ ತುಕ್ಕು. ಸೆರುಸೈಟ್ ಹುಟ್ಟುವುದು ಹೀಗೆ: ಸೀಸದ ಅದಿರು ಗೆಲೀನಾ, ಅಂದರೆ ಸೀಸದ ಸಲ್ಫೈಡ್, ಗಾಳಿ ನೀರು ತಾಗಿ ಕೊಳೆಯುತ್ತದೆ. ಹಲವು ಸಲ ಮೊದಲು ಆಂಗ್ಲೆಸೈಟ್ (ಸೀಸದ ಸಲ್ಫೇಟ್) ಆಗಿ, ಆಮೇಲೆ ಕಾರ್ಬೊನೇಟ್ ಬೆರೆತ ನೀರಿನಲ್ಲಿ ಸೆರುಸೈಟ್ ಆಗುತ್ತದೆ. ತ್ಸುಮೆಬ್‌ನಲ್ಲಿ ಸುತ್ತಲಿನ ಕಲ್ಲೇ ಡಾಲಮೈಟ್, ಅದೂ ಒಂದು ಕಾರ್ಬೊನೇಟ್. ಅದಕ್ಕೇ ಅಲ್ಲಿ ಇಷ್ಟು ಸಮೃದ್ಧಿ. ಅದೇ ಅದಿರಿನ ಕಬ್ಬಿಣ ಪಕ್ಕದಲ್ಲಿ ತುಕ್ಕಾಗಿ ಉಳಿಯುತ್ತದೆ. ಆ ಕಲೆ ಹರಳು ಹುಟ್ಟಿದ ಜಾಗದ ಗುರುತು. ಅದನ್ನು ಕೊಳೆ ಅಂದುಕೊಂಡು ಉಜ್ಜುವುದು ನನಗೆ ಸಂಕಟ ತರುತ್ತದೆ.

ಶೋಕೇಸಿನ ಹ್ಯಾಲೊಜನ್ ದೀಪ ಇವತ್ತೇ ಕಿತ್ತು ಎಲ್‌ಇಡಿ ಹಾಕಿ. ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ.

ಪ್ರಶ್ನೆ: ವಜ್ರಕ್ಕಿಂತ ಜಾಸ್ತಿ ಬಣ್ಣ ಚಿಮ್ಮುತ್ತದಂತೆ. ಉಂಗುರಕ್ಕೆ ಕೂರಿಸಬಹುದೇ?

ಬಣ್ಣದ ಮಾತು ನಿಜ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗುಣ ವಜ್ರಕ್ಕೆ 0.044, ಇದಕ್ಕೆ 0.055. ಉಂಗುರಕ್ಕೆ ಆಗದು. ಟೊರಾಂಟೊದ ರಾಯಲ್ ಆಂಟೇರಿಯೊ ಮ್ಯೂಸಿಯಮ್‌ನಲ್ಲಿ 898 ಕ್ಯಾರಟ್‌ನ ಕತ್ತರಿಸಿದ ತ್ಸುಮೆಬ್ ಸೆರುಸೈಟ್ ಇದೆ. ಅದು ಗಾಜಿನೊಳಗೆ ಇದೆ, ಬೆರಳಿನಲ್ಲಿ ಅಲ್ಲ.

ಪ್ರಶ್ನೆ: ಈ ಕಲ್ಲನ್ನು ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಕುಡಿದರೆ ದೇಹದ ಶಕ್ತಿ ಸಮತೋಲನವಾಗುತ್ತದೆ ಎಂದು ಹೀಲರ್ ಒಬ್ಬರು ಹೇಳಿದ್ದಾರೆ.

ಕುಡಿಯಬೇಡಿ. ಕುಡಿದಿದ್ದರೆ ಹೀಲರ್ ಹತ್ತಿರ ಅಲ್ಲ, ವೈದ್ಯರ ಹತ್ತಿರ ಹೋಗಿ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷೆ ಮಾಡಿಸಿ. ಸೀಸ ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಹೋಗದು. ಇಂಥ ಸಲಹೆ ಕೊಡುವವರು ಕಲ್ಲಿನ ಹೆಸರು ಕಲಿತಿದ್ದಾರೆ, ಅದರೊಳಗೆ ಏನಿದೆ ಎಂದು ಕಲಿತಿಲ್ಲ. ಬೀರುವಿಗೆ ಬೀಗ ಹಾಕಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪ್ರಶ್ನೆ: ಭಾರತದಲ್ಲಿ ಹುಡುಕಿದರೆ ಸಿಗುತ್ತದೆಯೇ?

ರಾಜಸ್ಥಾನದ ಜಾವರ್, ರಾಂಪುರ ಆಗುಚಾದಂಥ ಸೀಸ-ಸತುವಿನ ಗಣಿಗಳಿವೆ. ಆದರೆ ಶೋಕೇಸಿನಲ್ಲಿಡುವಂಥ ಹರಳಿಗೆ ಆ ಹೆಸರುಗಳನ್ನು ಯಾರೂ ಹೇಳುವುದಿಲ್ಲ. ಅನುಮತಿಯಿಲ್ಲದೆ ಗಣಿಗೆ ಇಳಿಯಬೇಡಿ.

ಪ್ರಶ್ನೆ: ಮುರಿದ ಹರಳಿಗೆ ಅಂಟು ಹಾಕಿ ಮಾರುತ್ತಿದ್ದಾರೆಯೇ ಎಂದು ತಿಳಿಯುವುದು ಹೇಗೆ?

ಕತ್ತಲೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿಯಿರಿ. ಸೆರುಸೈಟ್ ಹಲವು ಸಲ ಹಳದಿಯಾಗಿ ಮಿನುಗುತ್ತದೆ. ಅದರ ನಡುವೆ ನೀಲಿ-ಬಿಳಿ ಗೆರೆ ಕಂಡರೆ ಅಂಟಿರಬಹುದು. ಎಲ್ಲ ಅಂಟೂ ಹೊಳೆಯುವುದಿಲ್ಲ, ಹಾಗಾಗಿ ಲೆನ್ಸಿನಲ್ಲೂ ನೋಡಿ. ಅಂಟಿಸಿದ್ದು ತಪ್ಪಲ್ಲ, ಅದನ್ನು ಮುಚ್ಚಿಟ್ಟು ಮಾರುವುದು ಮೋಸ. ಮೊರಾಕ್ಕೊದ ಹರಳನ್ನು ತ್ಸುಮೆಬ್ ಎಂದು ಮಾರಿದರೆ ಅದೂ ಮೋಸವೇ. ಹರಳು ಎಲ್ಲಿಯದು ಎಂದು ಬರೆದ ಹಳೆಯ ಚೀಟಿ ಇದ್ದರೆ ಕೇಳಿ ಪಡೆಯಿರಿ. ಹರಿದಿದ್ದರೂ ಎಸೆಯಬೇಡಿ.