ಯಾವ ಕಾಲಲ್ಲಿ ಹೊಡೆದರು?

ಪ್ರಿಯ ಮಿತ್ರರೆ,

ನೀವು ಕಳಿಸಿದ ಹಾಸ್ಯ ಲೇಖನ ‘ಎಡಗಡೆಯ ಇಬ್ಬರು’ ಓದಿದೆ. ಡರ್ಬಿ ಕೌಂಟಿಯ ಅಲನ್ ಹಿಂಟನ್ ಒಬ್ಬರು, ಕ್ಯೂಪಿಆರ್ (ಕ್ವೀನ್ಸ್ ಪಾರ್ಕ್ ರೇಂಜರ್ಸ್) ಮತ್ತು ಎವರ್ಟನ್‌ಗೆ ಆಡಿದ ಡೇವ್ ಥಾಮಸ್ ಇನ್ನೊಬ್ಬರು. ಎಪ್ಪತ್ತರ ದಶಕದ ಇಂಗ್ಲಿಷ್ ಫುಟ್‌ಬಾಲ್‌ನ ಈ ಲೆಫ್ಟ್ ವಿಂಗರ್‌ಗಳನ್ನು, ಅಂದರೆ ಎಡ ಅಂಚಿನಲ್ಲಿ ದಾಳಿ ಮಾಡುವವರನ್ನು, ಈಗ ಆಯಾ ಕ್ಲಬ್ಬಿನ ಹಳಬರು ಬಿಟ್ಟರೆ ಬೇರೆಯವರು ಜಾಸ್ತಿ ನೆನೆಯುವುದಿಲ್ಲ. ಹಿಂಟನ್ ಅವರದು ಬಿಳಿ ಬೂಟು, ಥಾಮಸ್ ಅವರದು ಪಾದದವರೆಗೆ ಜಾರಿಬಿಟ್ಟ ಕಾಲುಚೀಲ. ಜೋಡಿ ಚೆನ್ನಾಗಿದೆ. ಭಾಷೆಯೂ ಸರಾಗ. ಆದರೆ ಈಗಿರುವ ಹಾಗೆ ಇದನ್ನು ಹಾಕಲಾರೆ. ಎರಡು ದಿನದಿಂದ ನಿಮ್ಮ ಲೇಖನ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡನೇ ಪ್ಯಾರಾ ನೋಡಿ. ‘ಹಿಂಟನ್ ಎಡಬದಿಯಲ್ಲಿ ಮಿಂಚಿನಂತೆ ನುಗ್ಗುತ್ತಿದ್ದ’ ಅಂತಿದೆ. ನಾಲ್ಕನೇ ಪ್ಯಾರಾದಲ್ಲಿ ‘ಥಾಮಸ್ ಎಡಬದಿಯಲ್ಲಿ ಬಿರುಗಾಳಿಯಂತೆ ನುಗ್ಗುತ್ತಿದ್ದ’. ಹೆಸರು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಇಬ್ಬರನ್ನು ಹೋಲಿಸಿ ನಗಿಸಬೇಕಾದ ಕಡೆ ಇಬ್ಬರೂ ಒಂದೇ ಥರ ಓಡಿಬಿಟ್ಟರೆ ನಗುವುದಕ್ಕೆ ಏನು ಉಳಿಯಿತು?

ಹಿಂಟನ್ ನುಗ್ಗುವ ಆಟಗಾರರೇ ಅಲ್ಲ. ಎದುರಿನವನನ್ನು ದಾಟಿಯೇ ತೀರಬೇಕು ಅನ್ನುವ ಹಟ ಅವರಿಗಿರಲಿಲ್ಲ. ಒಂದು ಗಜ ಜಾಗ ಸಿಕ್ಕರೆ ಸಾಕು. ಎಡಗಾಲಾಗಲಿ ಬಲಗಾಲಾಗಲಿ, ದೂರದಿಂದಲೇ ಕ್ರಾಸ್ ಹೊಡೆಯುತ್ತಿದ್ದರು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುತ್ತಿದ್ದರು. ಚೆಂಡು ಹೋಗಿ ಡರ್ಬಿಯ ಗೋಲು ಹೊಡೆಯುವ ಆಟಗಾರ ಕೆವಿನ್ ಹೆಕ್ಟರ್ ನಿಂತ ಕಡೆಗೇ ಬೀಳುತ್ತಿತ್ತು. ಥಾಮಸ್ ಇದಕ್ಕೆ ಪೂರ್ತಿ ಉಲ್ಟಾ. ಮೊಣಕಾಲಿನ ಕೆಳಗೆ ಪೆಟ್ಟು ತಡೆಯುವ ಶಿನ್ ಪ್ಯಾಡ್ ಕೂಡ ಕಟ್ಟದೆ, ಒದೆ ಬೀಳುವ ಕಾಲನ್ನು ಹಾಗೇ ಮುಂದಿಟ್ಟುಕೊಂಡು ತಡೆಯಲು ನಿಂತ ಬ್ಯಾಕ್ ಆಟಗಾರನ ಹತ್ತಿರಕ್ಕೇ ಹೋಗುತ್ತಿದ್ದರು. ಅವನನ್ನು ದಾಟಿ ಮೈದಾನದ ಕೊನೆಯ ಗೆರೆವರೆಗೂ ಓಡಿ, ಅಲ್ಲಿಂದ ಚೆಂಡನ್ನು ಒಳಕ್ಕೆ ತಿರುಗಿಸುತ್ತಿದ್ದರು. ಒಬ್ಬರು ಕಾಲು ಉಳಿಸಿಕೊಂಡು ಆಡಿದವರು, ಒಬ್ಬರು ಕಾಲು ಒಡ್ಡಿ ಆಡಿದವರು. ನಗು ಇರುವುದು ಇಲ್ಲಿ. ನಿಮ್ಮ ಮಿಂಚು, ಬಿರುಗಾಳಿ ಎರಡೂ ಸೇರಿ ಅದನ್ನು ಮುಚ್ಚಿಹಾಕಿವೆ.

ಮುಂದಿನ ಸಾಲು: ‘ಜಗತ್ತಿನಲ್ಲೇ ಮೊದಲು ಬಿಳಿ ಬೂಟು ತೊಟ್ಟವನು’. ಈ ‘ಮೊದಲು’ ತೆಗೆಯಿರಿ. ಸೀಸನ್ ಶುರುವಿಗೆ ನಡೆಯುವ ಚಾರಿಟಿ ಶೀಲ್ಡ್‌ನ 1970ರ ಪಂದ್ಯಕ್ಕೇ ಎವರ್ಟನ್‌ನ ಅಲನ್ ಬಾಲ್ ಬಿಳಿ ಬೂಟು ಹಾಕಿ ಇಳಿದಿದ್ದರು. ಯಾರು ಮೊದಲು ಅನ್ನುವುದಕ್ಕಿಂತ ಎಲ್ಲಿ ಹಾಕಿಕೊಂಡರು ಅನ್ನುವುದು ನೋಡಿ. ಡರ್ಬಿಯ ಆಗಿನ ಫುಟ್‌ಬಾಲ್ ಮೈದಾನ ಬೇಸ್‌ಬಾಲ್ ಗ್ರೌಂಡ್ ಕೆಸರಿಗೆ ಹೆಸರುವಾಸಿಯಾಗಿತ್ತು. ಚಳಿಗಾಲದಲ್ಲಿ ಅದು ನಾಟಿಗೆ ಹದ ಮಾಡಿದ ಗದ್ದೆಯಾಗುತ್ತಿತ್ತು. ಅಂಥ ಗದ್ದೆಗೆ ಒಬ್ಬರು ಬಿಳಿ ಬೂಟು ಹಾಕಿಕೊಂಡು ಬರುತ್ತಾರೆ! ಇಷ್ಟು ಬರೆದಿದ್ದರೆ ಬೇರೆ ಹಾಸ್ಯವೇ ಬೇಕಿರಲಿಲ್ಲ. ನಿಮ್ಮ ಲೇಖನದಲ್ಲಿ ಕೆಸರು ಎಂಬ ಪದವೇ ಇಲ್ಲ.

‘ಥಾಮಸ್‌ನ ಕ್ರಾಸ್‌ನಿಂದಲೇ ಲ್ಯಾಚ್‌ಫರ್ಡ್‌ನ 30ನೇ ಗೋಲು’. ಇದು ತಪ್ಪು. 1977-78ರಲ್ಲಿ 30 ಲೀಗ್ ಗೋಲು ಹೊಡೆದವರಿಗೆ ಪತ್ರಿಕೆಯೊಂದು 10,000 ಪೌಂಡ್ ಬಹುಮಾನ ಇಟ್ಟಿತ್ತು. ಎವರ್ಟನ್‌ನ ಬಾಬ್ ಲ್ಯಾಚ್‌ಫರ್ಡ್‌ಗೆ ಕೊನೆಯ ದಿನ ಇನ್ನೂ ಎರಡು ಬೇಕಿತ್ತು. ಚೆಲ್ಸಿ ಮೇಲೆ 6-0 ಗೆದ್ದ ಆ ಪಂದ್ಯದಲ್ಲಿ ಅವರ 30ನೇ ಗೋಲು ಬಂದದ್ದು ಪೆನಾಲ್ಟಿಯಿಂದ. ವರ್ಷವಿಡೀ ಕ್ರಾಸ್ ಕೊಟ್ಟ ಥಾಮಸ್ ಆ ಒಂದು ಗೋಲಿಗೆ ಸುಮ್ನೆ ನಿಂತು ನೋಡಬೇಕಾಯಿತು. ನಿಜ ಸಂಗತಿಯೇ ನಿಮ್ಮ ಕಲ್ಪನೆಗಿಂತ ಚೆನ್ನಾಗಿದೆ.

ಇನ್ನು ನನಗೆ ಸಿಟ್ಟು ಬರಿಸಿದ ಜಾಗ. ಡರ್ಬಿಯ ಅಭಿಮಾನಿಗಳು ಹಿಂಟನ್‌ಗೆ ಗ್ಲ್ಯಾಡಿಸ್ ಅಂತ ಹೆಣ್ಣಿನ ಅಡ್ಡಹೆಸರು ಇಟ್ಟಿದ್ದರು, ನಿಜ. ನೀವು ಅದನ್ನು ಹಿಡಿದುಕೊಂಡು ‘ಹೆಸರಿಗೆ ತಕ್ಕ ಹೆಂಗಸು, ಟ್ಯಾಕಲ್ ಕಂಡರೆ ಓಟ’ ಅಂತ ಬರೆದಿದ್ದೀರಿ. ಒಂದು ಸಲವಲ್ಲ, ಮೂರು ಸಲ. ಹೆಂಗಸು ಅಂದರೆ ಹೆದರುಪುಕ್ಕಲು ಅನ್ನುವ ನಂಬಿಕೆ ಇದ್ದವರಿಗೆ ಮಾತ್ರ ಇದು ನಗು ತರುತ್ತದೆ. ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು. ಅವರ ಮುಂದೆ ಇದನ್ನು ಇಡಲು ನನಗೆ ಮನಸ್ಸಿಲ್ಲ. 1971-72ರಲ್ಲಿ ಡರ್ಬಿ ಮೊದಲ ಸಲ ಲೀಗ್ ಗೆದ್ದಾಗ ಇದೇ ಹಿಂಟನ್ 15 ಲೀಗ್ ಗೋಲು ಹೊಡೆದಿದ್ದರು. ಪೆನಾಲ್ಟಿ ಹೊಡೆಯುವ ಹೊಣೆಯೂ ಅವರದೇ. 1978ರಲ್ಲಿ, 35ನೇ ವಯಸ್ಸಿನಲ್ಲಿ, ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಪರ ಒಂದೇ ಸೀಸನ್ನಿನಲ್ಲಿ 30 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಕೊಟ್ಟು ಉತ್ತರ ಅಮೆರಿಕದ ಲೀಗ್‌ನಲ್ಲಿ ದಾಖಲೆ ಮಾಡಿದರು. ಇವರನ್ನು ಪುಕ್ಕಲು ಅನ್ನುವ ಮೊದಲು ಇಷ್ಟಾದರೂ ಹೇಳಬೇಕಿತ್ತು.

ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಬೆಂಗಳೂರಿನ ಲೀಗ್ ಪಂದ್ಯಗಳಿಗೆ ಕಳಿಸುತ್ತಿದ್ದರು. ಒಂದು ಸಂಜೆ ಬಂದು ‘ಅಮೋಘ ಗೋಲು’ ಅಂತ ಬರೆದುಕೊಟ್ಟೆ. ಹಿರಿಯರೊಬ್ಬರು ಓದಿ ತಲೆ ಎತ್ತಿದರು. ‘ಯಾವ ಕಾಲಲ್ಲಿ ಹೊಡೆದನಯ್ಯಾ?’ ನನಗೆ ಗೊತ್ತಿರಲಿಲ್ಲ. ‘ಹೋಗಿ ಕೇಳಿಕೊಂಡು ಬಾ’ ಅಂದರು. ಬಸ್ಸು ಹತ್ತಿ ಆಸ್ಟಿನ್ ಟೌನ್‌ಗೆ ಹೋಗಿ ಆ ಹುಡುಗನ ಮನೆ ಹುಡುಕಿದೆ. ‘ಬಲಗಾಲು ಸಾರ್. ಬೂಟು ತಮ್ಮಂದು. ಎಡಗಾಲಿಗೆ ತುಂಬ ಬಿಗಿ, ಒದ್ದರೆ ನೋಯುತ್ತೆ’ ಅಂದ. ಅವನು ಆಡುತ್ತಿದ್ದದ್ದು ಲೆಫ್ಟ್ ವಿಂಗ್‌ನಲ್ಲಿ. ವಾಪಸ್ ಬಂದು ಹೇಳಿದೆ. ಅವರು ‘ಅಮೋಘ’ ಹೊಡೆದುಹಾಕಿ, ತಮ್ಮನ ಬೂಟಿನ ಸಾಲು ಸೇರಿಸಿದರು. ಮರುದಿನ ಓದುಗರು ನೆನಪಿಟ್ಟುಕೊಂಡದ್ದು ಅದೊಂದೇ ಸಾಲನ್ನು. ಆಮೇಲೆ ಎಷ್ಟೋ ವರ್ಷ ನಾನು ಪಂದ್ಯ ನೋಡುವಾಗ ಮೊದಲು ಕಾಲು ನೋಡುತ್ತಿದ್ದೆ, ಈಗಲೂ ಹಾಗೇ.

ಹಳೆಯ ಪಂದ್ಯಗಳ ವಿಡಿಯೊ ಸಿಗುತ್ತವೆ, ಕೂತು ನೋಡಿ. 1975ರ ಆಗಸ್ಟ್‌ನಲ್ಲಿ ಥಾಮಸ್ ಅವರ ಕ್ಯೂಪಿಆರ್ ಅದೇ ಬೇಸ್‌ಬಾಲ್ ಗ್ರೌಂಡ್‌ಗೆ ಹೋಗಿ, ಹಿಂದಿನ ಸೀಸನ್ನಿನ ಚಾಂಪಿಯನ್ ಡರ್ಬಿಗೆ 5-1ರ ಸೋಲು ಕೊಟ್ಟು ಬಂದಿತ್ತು. ಆ ಸೀಸನ್ನಿನಲ್ಲಿ ಕ್ಯೂಪಿಆರ್‌ಗೆ ಲೀಗ್ ಪ್ರಶಸ್ತಿ ತಪ್ಪಿದ್ದು ಒಂದೇ ಅಂಕದಿಂದ. ನಿಮ್ಮ ಎರಡು ಕಥೆಗಳು ಒಂದೇ ಮೈದಾನಕ್ಕೆ ಬರುವ ಜಾಗ ಅದು. ಅದನ್ನು ಸೇರಿಸಿ. ಗ್ಲ್ಯಾಡಿಸ್ ಹೆಸರು ಒಂದು ಸಲ ಇರಲಿ, ಆ ಹೆಂಗಸು, ಓಟ ಎಲ್ಲ ಹೋಗಲಿ. ತಿಂಗಳ ಕೊನೆಯೊಳಗೆ ಕಳಿಸಿಕೊಡಿ. ಎರಡು ಪುಟ ನಿಮಗೆಂದೇ ಖಾಲಿ ಇಟ್ಟಿದ್ದೇನೆ.

ಪ್ರೀತಿಯಿಂದ,
ಸಂಪಾದಕ